ಕ್ಯಾಮೆರಾಕ್ಕೆ ಹುಣಸೆಹಣ್ಣು

ನನ್ನ ಕ್ಯಾಮೆರಾದ ಮೈಮೇಲೆ ಏಳು ಗಾಯಗಳಿವೆ. ಅವುಗಳಲ್ಲಿ ಐದು, ಗಾಯ ಆಗಬಾರದು ಅಂತ ನಾವು ಮಾಡಿದ ಜೋಪಾನದಿಂದ ಆದವು. ಫೋಟೋ ತೆಗೆಯುವಾಗ ಆದವು ಎರಡೇ. ಮೂವತ್ತೊಂದು ವರ್ಷ ಪಿಯು ಮಕ್ಕಳಿಗೆ ರಸಾಯನಶಾಸ್ತ್ರ ಹೇಳಿಕೊಟ್ಟವನು ನಾನು. ಇಷ್ಟು ಸಣ್ಣ ಲೆಕ್ಕ ತಾಳೆ ಹಾಕಿದ್ದು ಮಾತ್ರ ನಿವೃತ್ತಿಯಾದ ಮೇಲೆ, ಒಂದು ಮಳೆಗಾಲದ ಮಧ್ಯಾಹ್ನ, ಸಾಗರದ ಮನೆಯ ಜಗಲಿಯಲ್ಲಿ ಕೂತು.

ಕ್ಯಾಮೆರಾ ಬಂದದ್ದು 1989ರಲ್ಲಿ. ಮಸ್ಕತ್ತಿನಲ್ಲಿದ್ದ ಭಾವ ರಜೆಗೆ ಬಂದಾಗ, ಟ್ಯಾಂಗ್ ಡಬ್ಬಿ, ಅತ್ತರಿನ ಬಾಟಲಿಗಳ ನಡುವೆ ಟರ್ಕಿ ಟವೆಲಿನಲ್ಲಿ ಸುತ್ತಿ ತಂದಿದ್ದರು. ನಿಕಾನ್ ಎಫ್‌ಎಂ2. 1982ರಲ್ಲಿ ಮಾರುಕಟ್ಟೆಗೆ ಬಂದ ಮಾದರಿ. ಸೆಕೆಂಡಿನ ನಾಲ್ಕು ಸಾವಿರದಲ್ಲಿ ಒಂದು ಭಾಗದಷ್ಟು ಹೊತ್ತು ಮಾತ್ರ ಕಣ್ಣು ತೆರೆದು ಮುಚ್ಚಬಲ್ಲ ಷಟರ್ ಅದರದ್ದು. ಎಲ್ಲವೂ ಸ್ಪ್ರಿಂಗು, ಹಲ್ಲುಚಕ್ರಗಳ ಕೆಲಸ. ಒಳಗಿನ ಎರಡು ಗುಂಡಿ ಸೆಲ್‌ಗಳು ಬೆಳಕು ಅಳೆಯುವ ಮೀಟರಿಗೆ ಮಾತ್ರ. ಅವು ಸತ್ತರೂ ಕ್ಯಾಮೆರಾ ಸಾಯುವುದಿಲ್ಲ. ಬೆಳ್ಳಿ ಬಣ್ಣದ್ದೂ ಸಿಗುತ್ತಿತ್ತಂತೆ, ಭಾವ ಕಪ್ಪು ತಂದಿದ್ದರು. ಕಂತಿನಲ್ಲಿ ತೀರಿಸಿದೆ, ನಾಲ್ಕು ತಿಂಗಳ ಸಂಬಳ. ಅಮ್ಮ ದೂರದಿಂದಲೇ ನೋಡಿ, "ಕಪ್ಪೇ ಒಳ್ಳೇದು, ದೃಷ್ಟಿ ತಾಗುದಿಲ್ಲ" ಅಂದರು.

ದೃಷ್ಟಿ ತಾಗಲಿಲ್ಲ. ಕೈ ತಾಗಿತು.

ನಮ್ಮದು ಎಂಥ ವಂಶ ಅಂತ ಮೊದಲೇ ಹೇಳಿಬಿಡುತ್ತೇನೆ. ಟಿವಿ ರಿಮೋಟಿಗೆ ಪ್ಲಾಸ್ಟಿಕ್ ತೊಟ್ಟೆ ಹಾಕಿ ರಬ್ಬರ್ ಬ್ಯಾಂಡ್ ಬಿಗಿಯುವ ವಂಶ. ಫ್ರಿಜ್ಜಿನ ಹಿಡಿಕೆಗೆ ಅಂಗಿ, ಸೋಫಾಕ್ಕೆ ಹೊದಿಕೆ, ಆ ಹೊದಿಕೆ ಕೊಳೆಯಾಗದಿರಲಿ ಅಂತ ಮೇಲೊಂದು ಟವೆಲು. ಅಪ್ಪ ಕೊಂಡ ಸೈಕಲ್ಲಿನ ಚೌಕಟ್ಟಿಗೆ ಅಂಗಡಿಯವರು ಸುತ್ತಿದ್ದ ಕಾಗದ, ಸೈಕಲ್ ಮಾರುವ ದಿನದವರೆಗೂ ಹಾಗೇ ಇತ್ತು. ಕೊಂಡವನು ಅದನ್ನು ಹರಿದಾಗ ಒಳಗಿನ ಹಸಿರು ಬಣ್ಣ ಕಂಡು ಅಪ್ಪ, "ಓ, ಹಸಿರಾ!" ಅಂದಿದ್ದರು. ಇಂಥ ಮನೆಗೆ ಬಂದ ಕಪ್ಪು ಕ್ಯಾಮೆರಾದ ಗತಿ ಏನಾಗಬೇಕೋ ಅದೇ ಆಯಿತು.

ಅಂಚಿನ ರಸಾಯನಶಾಸ್ತ್ರ

ಕಪ್ಪು ಬಣ್ಣದ ಹಳೆಯ ಕ್ಯಾಮೆರಾಗಳನ್ನು ಹತ್ತಿರದಿಂದ ನೋಡಿದವರಿಗೆ ಗೊತ್ತು: ಮೂಲೆಗಳಲ್ಲಿ, ಅಂಚುಗಳಲ್ಲಿ, ಬೆರಳಾಡುವ ಕಡೆಗಳಲ್ಲಿ ಬಣ್ಣ ಸವೆದು ಒಳಗಿನ ಹಳದಿ ಲೋಹ ಇಣುಕುತ್ತದೆ. ಅದು ಹಿತ್ತಾಳೆ, ತಾಮ್ರ ಮತ್ತು ಸತುವಿನ ಮಿಶ್ರಲೋಹ. ನಮ್ಮ ಕೊಡ, ತಂಬಿಗೆ, ದೀಪದ ಕಂಬಗಳ ಹಿತ್ತಾಳೆಯೇ. ಎಷ್ಟೋ ಒಳ್ಳೆಯ ಕ್ಯಾಮೆರಾಗಳ ಮೇಲಿನ ಮತ್ತು ಕೆಳಗಿನ ತಗಡನ್ನು ಹಿತ್ತಾಳೆಯಲ್ಲೇ ಮಾಡುತ್ತಿದ್ದರು. ಹೀಗೆ ಹಳದಿ ಕಾಣುವುದಕ್ಕೆ ಕ್ಯಾಮೆರಾ ಹುಚ್ಚರು 'ಬ್ರಾಸಿಂಗ್' ಅನ್ನುತ್ತಾರೆ. ನಮ್ಮ ಮನೆಯಲ್ಲಿ ಅದಕ್ಕೆ 'ಹೋಯ್ತು' ಅನ್ನುತ್ತಿದ್ದರು.

ಬೆಳ್ಳಿ ಬಣ್ಣದ ಕ್ಯಾಮೆರಾ ಅಷ್ಟು ಬೇಗ ಸವೆಯುವುದಿಲ್ಲ, ಕಪ್ಪು ಸವೆಯುತ್ತದೆ. ಯಾಕೆ? ಬೆಳ್ಳಿ ಬಣ್ಣ ಅಂದರೆ ಕ್ರೋಮಿಯಂ. ಅದನ್ನು ವಿದ್ಯುತ್ ಹಾಯಿಸಿ ಲೋಹದ ಮೇಲೆ ಕೂರಿಸುತ್ತಾರೆ. ವಿದ್ಯುತ್ತಿಗೆ ಚೂಪು ಅಂಚುಗಳೆಂದರೆ ಪ್ರೀತಿ. ಅಲ್ಲೇ ಹೆಚ್ಚು ಒತ್ತಾಗಿ ಹರಿಯುತ್ತದೆ. ಹಾಗಾಗಿ ಕ್ರೋಮಿಯಂ ಪದರ ಅಂಚಿನಲ್ಲೇ ದಪ್ಪ. ಮೇಲಾಗಿ ಅದು ಉಕ್ಕಿನ ಚಾಕುವಿಗೂ ಜಗ್ಗದಷ್ಟು ಗಟ್ಟಿ. ಕಪ್ಪು ಬಣ್ಣ ಹಾಗಲ್ಲ. ಅದು ಬಳಿದು ಒಣಗಿಸಿದ್ದು. ಹಸಿ ಬಣ್ಣ ಮೇಲ್ಮೈ ಎಳೆತಕ್ಕೆ ಸಿಕ್ಕಿ, ಚೂಪು ಅಂಚಿನಿಂದ ಹಿಂದೆ ಸರಿದು ಸಪಾಟು ಜಾಗದಲ್ಲಿ ನಿಲ್ಲುತ್ತದೆ. ಕಿಟಕಿಯ ಸರಳಿಗೆ ಬಣ್ಣ ಹೊಡೆದವರು ಇದನ್ನು ಕಂಡಿರುತ್ತೀರಿ; ತುಕ್ಕು ಮೊದಲು ಏಳುವುದು ಅಂಚಿನಲ್ಲೇ. ಅಂದರೆ ಕ್ಯಾಮೆರಾದ ಯಾವ ಜಾಗ ಜಗತ್ತಿಗೆ ಹೆಚ್ಚು ತಾಗುತ್ತದೋ ಅಲ್ಲೇ ಅದರ ಅಂಗಿ ತೀರ ತೆಳು.

ಹಳದಿ ಕಂಡದ್ದೆಲ್ಲ ಹಿತ್ತಾಳೆಯೂ ಅಲ್ಲ. 1976ರಲ್ಲಿ ಬಂದು ಜಗತ್ತಿನಾದ್ಯಂತ ಮನೆಮಾತಾದ ಕ್ಯಾನನ್ ಎಇ-1ರ ಮೇಲಿನ ಮುಚ್ಚಳ ಪ್ಲಾಸ್ಟಿಕ್ಕಿನದು, ಹೊರಗೆ ಲೋಹದ ಲೇಪ. 1984ರ ಲೈಕಾ ಎಂ6ನ ಮೇಲಿನ ತಗಡು ಸತುವಿನ ಅಚ್ಚು; ಅದು ಸವೆದರೆ ಬೂದು ಬಣ್ಣ ಕಾಣುತ್ತದೆ. ಹಳದಿ ಕಾಣಲಿಲ್ಲವಲ್ಲ ಅಂತ ಕೊರಗಿದವರೂ ಇದ್ದರು ಅನ್ನಿ. 2022ರಲ್ಲಿ ಅದೇ ಮಾದರಿಯನ್ನು ಮತ್ತೆ ತಯಾರಿಸಿದಾಗ ಕಂಪನಿ ಮೇಲಿನ ತಗಡಿಗೆ ಹಿತ್ತಾಳೆಯನ್ನೇ ಹಾಕಿತು.

ಜೋಪಾನದ ಐದು ಗಾಯಗಳು

ಮೊದಲನೆಯ ಗಾಯ ಚರ್ಮದ ಚೀಲದ್ದು. ಆ ಕಾಲದಲ್ಲಿ ಕ್ಯಾಮೆರಾ ಜೊತೆ ಅದರ ಅಳತೆಗೇ ಹೊಲಿದ ಚರ್ಮದ ಕವಚ ಕೊಳ್ಳುವುದು ವಾಡಿಕೆ. ಅದರ ಇಂಗ್ಲಿಷ್ ಹೆಸರು 'ಎವರ್‌ರೆಡಿ ಕೇಸ್', ಸದಾ ಸಿದ್ಧ. ಅನುಭವಸ್ಥರು ಅದನ್ನು 'ನೆವರ್‌ರೆಡಿ' ಅಂತ ಕರೆಯುತ್ತಿದ್ದರು. ಯಾಕೆ ಅಂತ ನನಗೆ ಗೊತ್ತಾದದ್ದು ಇಕ್ಕೇರಿ ಹತ್ತಿರದ ಒಂದು ಅತ್ತಿಮರದ ಕೆಳಗೆ. ಹಣ್ಣು ತಿನ್ನಲು ಮಂಗಟ್ಟೆ ಹಕ್ಕಿ ಬಂದು ಕೂತಿತ್ತು. ನಾನು ಮೊದಲು ಉಂಗುರ ತೆಗೆದೆ. ಮದುವೆಯಲ್ಲಿ ಮಾವನವರು ಹಾಕಿದ್ದು, ಬಣ್ಣಕ್ಕೆ ಗೀರು ಬಿದ್ದೀತು ಅಂತ. ಅದನ್ನು ಜೇಬಿಗೆ ಹಾಕಿದೆ. ಜೇಬಿನ ತೂತು ನೆನಪಾಗಿ ಮತ್ತೆ ತೆಗೆದು ಕರವಸ್ತ್ರದಲ್ಲಿ ಗಂಟು ಕಟ್ಟಿದೆ. ಕವಚದ ಗುಂಡಿ ಬಿಚ್ಚಿದೆ, ಮುಂದಿನ ಮೂತಿ ಕೆಳಗಿಳಿಸಿದೆ, ಲೆನ್ಸಿನ ಮುಚ್ಚಳ ತೆಗೆದೆ. ಹಕ್ಕಿ ನನ್ನ ಈ ಸಂಧ್ಯಾವಂದನೆಯನ್ನು ಅರ್ಧದವರೆಗೆ ನೋಡಿ, ಬೇಜಾರಾಗಿ, ರೆಕ್ಕೆಯ ಸದ್ದು ಮಾಡುತ್ತ ಹೋಯಿತು.

ಹಕ್ಕಿ ಹೋದದ್ದು ಹೋಯಿತು. ಕವಚದೊಳಗೆ ಕೂತಿದ್ದ ಮಣ್ಣುರಸ್ತೆಯ ಧೂಳು ಮಾತ್ರ ಹೋಗಲಿಲ್ಲ. ಧೂಳಿನಲ್ಲಿ ಮರಳಿನ ಕಣ ಇರುತ್ತದೆ. ಬಿಗಿಯಾದ ಚರ್ಮ ಮತ್ತು ಬಣ್ಣದ ನಡುವೆ ಅದು ಉಪ್ಪುಕಾಗದದ ಕೆಲಸ ಮಾಡುತ್ತದೆ. ಎರಡನೇ ವರ್ಷಕ್ಕೆ ಎಡಮೂಲೆಯಲ್ಲಿ ಎಳ್ಳಿನಷ್ಟು ಹಳದಿ ಚುಕ್ಕೆ ಕಂಡಿತು. ಅವತ್ತು ನಾನು ಊಟ ಸರಿಯಾಗಿ ಮಾಡಲಿಲ್ಲ ಅಂತ ಹೆಂಡತಿ ಈಗಲೂ ಬಂದವರೆದುರು ಹೇಳುತ್ತಾಳೆ.

ಚರ್ಮಕ್ಕೆ ಇನ್ನೊಂದು ಗುಣ ಇದೆ: ತೇವ ಹೀರಿ ಹಿಡಿದಿಡುವುದು. ಮಲೆನಾಡಿನ ಆಷಾಢದಲ್ಲಿ ಚಪ್ಪಲಿಗೂ ಬೂಷ್ಟು ಬರುತ್ತದೆ. ಕ್ಯಾಮೆರಾದ ಕವಚಕ್ಕೆ ಬಾರದೇ ಇರುತ್ತದೆಯೇ? ಅಲ್ಲಿಂದ ಅದು ಲೆನ್ಸಿಗೆ ಹಾಯುತ್ತದೆ, ಗಾಜಿನ ಮೇಲೆ ಜೇಡರ ಬಲೆಯಂತೆ ಹರಡುತ್ತದೆ. ಇದಕ್ಕೆ ಮದ್ದಾಗಿ ಕಾಲೇಜಿನ ಲ್ಯಾಬಿನಿಂದ ಹಳೆಯ ಸಿಲಿಕಾ ಜೆಲ್ ತಂದೆ. ಒಣಗಿದ್ದಾಗ ನೀಲಿ, ತೇವ ಹೀರಿದಾಗ ಗುಲಾಬಿ. ಕೋಬಾಲ್ಟ್ ಕ್ಲೋರೈಡಿನ ಮಾಯೆ. ಗುಲಾಬಿಯಾದದ್ದನ್ನು ಬಿಸಿ ಮಾಡಿದರೆ ತೇವ ಬಿಟ್ಟು ಮತ್ತೆ ನೀಲಿಯಾಗುತ್ತದೆ. ಹೆಂಡತಿ ಇಲ್ಲದ ಹೊತ್ತು ನೋಡಿ ಬಾಣಲೆಯಲ್ಲಿ ಹುರಿಯುತ್ತಿದ್ದೆ. ಅವಳು ಬೇಗ ಬಂದಳು. "ಎಂತ ಇದು, ನೀಲಿ ಸಬ್ಬಕ್ಕಿ?" ಅಂದಳು. ಅದು ವಿಷ ಅಂತ ಹೇಳಬೇಕಾಯಿತು, ಹೇಳಿದೆ. ಆ ಬಾಣಲೆ ಅವತ್ತೇ ಅಡಿಗೆಮನೆಯಿಂದ ಹೊರಬಿದ್ದು ದನದ ಕೊಟ್ಟಿಗೆಯಲ್ಲಿ ಸಗಣಿ ಎತ್ತುವ ಕೆಲಸಕ್ಕೆ ಸೇರಿತು. ನಾನು ಅದರ ಹಿಂದೆಯೇ ಹೋಗಬೇಕಾಗುತ್ತಿತ್ತು, ಸ್ವಲ್ಪದರಲ್ಲಿ ಉಳಿದೆ.

ಎರಡನೆಯ ಗಾಯಕ್ಕೆ ಕಾರಣ ಅಂಟುಪಟ್ಟಿ. ಫ್ರಾನ್ಸಿನ ಹೆಸರಾಂತ ಛಾಯಾಗ್ರಾಹಕ ಆನ್ರಿ ಕಾರ್ಟಿಯೆ-ಬ್ರೆಸಾನ್, ಅಂದರೆ 1948ರಲ್ಲಿ ಗಾಂಧೀಜಿಯವರ ಅಂತ್ಯಯಾತ್ರೆಯನ್ನೂ, 1950ರಲ್ಲಿ ತಿರುವಣ್ಣಾಮಲೆಯಲ್ಲಿ ರಮಣ ಮಹರ್ಷಿಗಳ ಕೊನೆಯ ದಿನಗಳನ್ನೂ ಚಿತ್ರಿಸಿದವರು, ತಮ್ಮ ಬೆಳ್ಳಿ ಬಣ್ಣದ ಲೈಕಾದ ಹೊಳಪಿನ ಭಾಗಗಳಿಗೆ ಕಪ್ಪು ಪಟ್ಟಿ ಅಂಟಿಸುತ್ತಿದ್ದರು ಅಂತ ಓದಿದ್ದೆ. ಅವರು ಅಂಟಿಸಿದ್ದು ಜನರ ಕಣ್ಣಿಗೆ ಕ್ಯಾಮೆರಾ ಬೀಳದಿರಲಿ ಅಂತ. ನಾನು ಅಂಟಿಸಿದ್ದು ಕ್ಯಾಮೆರಾಕ್ಕೆ ಜನರ ಕೈ ಬೀಳದಿರಲಿ ಅಂತ. ಕರೆಂಟಿನ ಕೆಲಸಕ್ಕೆ ಬಳಸುವ ಕಪ್ಪು ಟೇಪು ತಂದು ಅಂಚುಗಳಿಗೆಲ್ಲ ಸುತ್ತಿದೆ. ಏಪ್ರಿಲ್ ಸೆಕೆಗೆ ಅದರ ಗೋಂದು ಕರಗಿ ಹಲಸಿನ ಮೇಣದಂತೆ ಬೆರಳಿಗೆಲ್ಲ ಹತ್ತತೊಡಗಿತು. ಎಳೆದು ಕಿತ್ತೆ. ಟೇಪಿನ ಜೊತೆ ಬೆರಳುಗುರಿನಷ್ಟು ಬಣ್ಣವೂ ಎದ್ದು ಬಂತು. ಬಣ್ಣಕ್ಕೆ ಹಿತ್ತಾಳೆಯ ಮೇಲಿದ್ದ ಪ್ರೀತಿಗಿಂತ ಗೋಂದಿನ ಮೇಲೆ ಹೆಚ್ಚು ಪ್ರೀತಿ ಹುಟ್ಟಿತ್ತು.

ಆ ಕಿತ್ತುಹೋದ ಜಾಗ ಮುಚ್ಚಲು ಹೊರಟದ್ದು ಮೂರನೆಯ ಗಾಯ. ನಾದಿನಿಯ ಡಬ್ಬಿಯಿಂದ ಬಣ್ಣವಿಲ್ಲದ ಉಗುರುಬಣ್ಣ ತೆಗೆದುಕೊಂಡು ಒಂದು ಕೈ ಬಳಿದೆ. ಒಣಗಿದ ಮೇಲೆ ಅದು ಬಸವನಹುಳು ಹೋದ ದಾರಿಯಂತೆ ಕಂಡಿತು. ಅಳಿಸೋಣ ಅಂತ ಅಸಿಟೋನ್ ಹತ್ತಿಯಲ್ಲಿ ಅದ್ದಿ ಒರೆಸಿದೆ. ಅಸಿಟೋನ್ ಏನೇನು ಕರಗಿಸುತ್ತದೆ ಅಂತ ಪ್ರತಿ ವರ್ಷ ಬೋರ್ಡಿನ ಮೇಲೆ ಬರೆಯುತ್ತಿದ್ದವನು ನಾನೇ. ಹತ್ತಿ ಕೈ ಮೀರಿ ಮುಂದೆ ಜಾರಿತು. ನೆತ್ತಿಯ ಮೇಲೆ ಕೊರೆದ ಹೆಸರಿನ ಬಿಳಿ ತುಂಬಣ ಅರ್ಧ ಕರಗಿತು. ಅವತ್ತಿನಿಂದ ನನ್ನ ಕ್ಯಾಮೆರಾದ ಹೆಸರು ಬರೀ 'ಕಾನ್'.

ನಾಲ್ಕನೆಯದು ಅಮ್ಮನದು. ನೀರು ತುಂಬುವ ಹಬ್ಬದ ಮುಂಚಿನ ದಿನಗಳು. ಮನೆಯ ಹಂಡೆ, ಕೊಡ, ತಂಬಿಗೆಗಳೆಲ್ಲ ಹುಣಸೆಹಣ್ಣು, ಉಪ್ಪು, ಬೂದಿಯ ಸೇವೆಗೆ ಅಂಗಳಕ್ಕಿಳಿದಿದ್ದವು. ನಾನು ಕಾಲೇಜಿಗೆ ಹೋಗಿದ್ದೆ. ಮೇಜಿನ ಮೇಲಿದ್ದ ಕ್ಯಾಮೆರಾದ ಮೂಲೆಯಲ್ಲಿ ಹಳದಿ ಕಂಡು, ಅದು ಮಂಕಾಗಿದ್ದು ಕಂಡು, ಅಮ್ಮನ ಕೈ ಸುಮ್ಮನಿರಲಿಲ್ಲ. ನಾನು ಬಂದಾಗ ಆ ಮೂಲೆ ಆರತಿ ತಟ್ಟೆಯಂತೆ ಹೊಳೆಯುತ್ತಿತ್ತು. ಎಳ್ಳಿನಷ್ಟಿದ್ದ ಚುಕ್ಕೆ ಹುಣಸೆಬೀಜದಷ್ಟಾಗಿತ್ತು.

"ಅಮ್ಮಾ, ಇದನ್ನ ತಿಕ್ಕಿದ್ದು ಯಾಕೆ?"

"ಹಿತ್ತಾಳೆ ಅಲ್ವನೋ ಅದು? ಕಿಲುಬು ಹಿಡೀತಿತ್ತು. ನೀ ಪಾಠ ಮಾಡುದು ಎಂತದು ಹಾಗಾದರೆ?"

ಉತ್ತರ ಇರಲಿಲ್ಲ. ಬೆವರಿನ ಉಪ್ಪು ಹಿತ್ತಾಳೆಯನ್ನು ಮಂಕು ಮಾಡುತ್ತದೆ, ಹುಣಸೆಯ ಟಾರ್ಟಾರಿಕ್ ಆಮ್ಲ ಆ ಮಂಕನ್ನು ಕರಗಿಸಿ ಹೊಸ ಲೋಹ ತೋರಿಸುತ್ತದೆ. ಅಮ್ಮ ಮಾಡಿದ್ದು ಪಠ್ಯಪುಸ್ತಕದ ಪ್ರಯೋಗ. ಪಕ್ಕದ ಮನೆಯವರು ಇನ್ನೊಂದು ಹೆಜ್ಜೆ ಮುಂದೆ ಹೋಗಿ, ಕಲಾಯಿ ಹಾಕುವವನು ಬಂದಾಗ ಇದಕ್ಕೂ ಒಂದು ಕೈ ಹಾಕಿಸಿಬಿಡಿ ಅಂದರು.

ಐದನೆಯ ಗಾಯ ನನ್ನ ನಿತ್ಯಪೂಜೆಯದು. ದಿನಾ ಸಂಜೆ ಮೆತ್ತನೆ ಬಟ್ಟೆಯಲ್ಲಿ ಒರೆಸುತ್ತಿದ್ದೆ. ಹತ್ತು ವರ್ಷ ಒರೆಸಿದ ಮೇಲೆ, ಬೆರಳು ಎಂದೂ ತಾಗದ ನೆತ್ತಿಯ ಅಂಚಿನ ಉದ್ದಕ್ಕೂ ಸಣ್ಣ ಹಳದಿ ಗೆರೆ ಮೂಡಿತು. ಅಲ್ಲಿಗೆ ಯಾರ ಕೈಯೂ ಹೋಗುವುದಿಲ್ಲ, ಒರೆಸುವ ಬಟ್ಟೆಯೊಂದನ್ನು ಬಿಟ್ಟು.

ಸವೆತಕ್ಕೂ ಬೆಲೆ

ನಾವು ಹೀಗೆ ಮುಚ್ಚಲು ಒದ್ದಾಡುವುದನ್ನು ಜರ್ಮನಿಯಲ್ಲಿ ದುಡ್ಡು ಕೊಟ್ಟು ಮಾಡಿಸಿಕೊಳ್ಳುತ್ತಾರೆ ಅಂತ ತಿಳಿದಾಗ ಅಮ್ಮ ಇರಲಿಲ್ಲ. ಇದ್ದಿದ್ದರೆ ಒಂದು ಹುಣಸೆಯ ಉಂಡೆ ಕೊಟ್ಟು ಅಲ್ಲಿಗೆ ಕಳಿಸಬಹುದಿತ್ತು.

ಕಥೆ ಶುರುವಾಗುವುದು ವೆಟ್ಸ್‌ಲಾರ್ ಎಂಬ ಊರಿನಲ್ಲಿ. ಅಲ್ಲಿನ ಲೈಟ್ಸ್ ಕಂಪನಿಯಲ್ಲಿದ್ದ ಓಸ್ಕರ್ ಬಾರ್ನಾಕ್ ಎಂಬ ಕುಶಲಕರ್ಮಿ ಸಿನಿಮಾ ಫಿಲ್ಮನ್ನು ಬಳಸುವ ಪುಟ್ಟ ಕ್ಯಾಮೆರಾ ಮಾಡಿದರು. ಅದು ಲೈಕಾ ಎಂಬ ಹೆಸರಿನಲ್ಲಿ 1925ರ ಲೈಪ್ಸಿಗ್ ಮೇಳದಲ್ಲಿ ಹೊರಬಂತು. ಆರಂಭದ ಲೈಕಾಗಳು ಕಪ್ಪು. ಕ್ರೋಮ್ ಬಂದದ್ದು ಆಮೇಲೆ, 1930ರ ದಶಕದಲ್ಲಿ. ಗಟ್ಟಿ ಇದ್ದದ್ದರಿಂದ ಜನ ಅದನ್ನೇ ಮೆಚ್ಚಿದರು. 1954ರಲ್ಲಿ ಎಂ3 ಬರುವ ಹೊತ್ತಿಗೆ ಬೆಳ್ಳಿ ಬಣ್ಣವೇ ಸಾಮಾನ್ಯ. ಕಪ್ಪು ಬಳಿದವು ಕೆಲವೇ ಕೆಲವು, ಅವನ್ನು ಹೆಚ್ಚಾಗಿ ಕೇಳುತ್ತಿದ್ದವರು ಪತ್ರಿಕಾ ಛಾಯಾಗ್ರಾಹಕರು. ಬಿಸಿಲಲ್ಲಿ ಮಿಂಚಿ ಗುಟ್ಟು ಬಿಟ್ಟುಕೊಡದ ಕ್ಯಾಮೆರಾ ಅವರಿಗೆ ಬೇಕಿತ್ತು. ಇಲ್ಲೊಂದು ತಮಾಷೆ ನೋಡಿ: ಬೇಗ ಸವೆಯುವ ಬಣ್ಣದ ಕ್ಯಾಮೆರಾ ಸಿಕ್ಕಿದ್ದು ಯುದ್ಧ, ಗಲಭೆ, ಮಳೆ ಅನ್ನದೆ ಅದನ್ನು ಅತಿ ಹೆಚ್ಚು ಒರಟಾಗಿ ಬಳಸುವವರ ಕೈಗೆ. ಹಾಗಾಗಿ ಹಳದಿ ಇಣುಕುವ ಕಪ್ಪು ಕ್ಯಾಮೆರಾ ಅಂದರೆ ಕೆಲಸ ಮಾಡಿದವನ ಕ್ಯಾಮೆರಾ ಎಂಬ ಗೌರವ ಬಂತು. ಇವತ್ತು ಸಂಗ್ರಾಹಕರು ಅಂಥದ್ದಕ್ಕೆ ಹೊಸ ಬಣ್ಣ ಹೊಡೆಸಿದರೆ ಬೆಲೆ ಇಳಿಸುತ್ತಾರೆ. 2022ರಲ್ಲಿ ಸ್ವತಃ ಬಾರ್ನಾಕ್ ಬಳಸಿದ್ದ, 105ನೇ ಸಂಖ್ಯೆಯ ಪ್ರಯೋಗಾರ್ಥ ಲೈಕಾ ಹರಾಜಿನಲ್ಲಿ 1.44 ಕೋಟಿ ಯೂರೊ ತಂದಿತು. ಅದರ ಚಿತ್ರ ನೋಡಿ. ಕಪ್ಪು ಸವೆದು ಹಳದಿ ಎದ್ದು ಕಾಣುತ್ತದೆ.

ಗೌರವ ಇರುವ ಕಡೆ ಅಂಗಡಿ ಬಾರದೇ ಇರುತ್ತದೆಯೇ? 2015ರಲ್ಲಿ ಅಮೆರಿಕದ ಗಾಯಕ ಲೆನ್ನಿ ಕ್ರಾವಿಟ್ಜ್ ಅವರ ವಿನ್ಯಾಸದಲ್ಲಿ ಲೈಕಾ ಕಂಪನಿ 'ಕರೆಸ್ಪಾಂಡೆಂಟ್' ಎಂಬ ಕ್ಯಾಮೆರಾ ತಂದಿತು. ಒಟ್ಟು 125 ಸೆಟ್. ಹೊಚ್ಚಹೊಸ ಕ್ಯಾಮೆರಾದ ಕಪ್ಪು ಬಣ್ಣವನ್ನು ಕುಶಲಕರ್ಮಿಗಳು ಕೈಯಿಂದಲೇ ಉಜ್ಜಿ, ಹಿತ್ತಾಳೆ ಕಾಣಿಸಿ, ಹತ್ತಾರು ವರ್ಷ ಊರೂರು ಅಲೆದುಬಂದದ್ದರಂತೆ ಮಾಡಿದ್ದರು. ಕೊಂಡವರಲ್ಲಿ ಒಬ್ಬರಾದರೂ ಆ ಸವೆತ ಮುಂದೆ ಸವೆಯದಿರಲಿ ಅಂತ ಅದಕ್ಕೊಂದು ಕವಚ ತೊಡಿಸಿರುತ್ತಾರೆ ಅನ್ನುವುದು ನನ್ನ ಗುಮಾನಿ. ನಮ್ಮ ವಂಶದವರು ಎಲ್ಲ ಕಡೆ ಇದ್ದಾರೆ.

ಕೆಲಸಕ್ಕೆ ಬರುವ ನಾಲ್ಕು ಮಾತು

ಮನೆಯಲ್ಲಿ ಅಪ್ಪನದೋ ಅಜ್ಜನದೋ ಹಳೆಯ ಕ್ಯಾಮೆರಾ ಇದ್ದವರಿಗೆ, ಕೈ ಸುಟ್ಟುಕೊಂಡವನ ಮಾತು. ಒರೆಸುವ ಮೊದಲು ಊದಿ; ಬಾಯಿಂದ ಬೇಡ, ಎಂಜಲು ಹಾರುತ್ತದೆ, ರಬ್ಬರ್ ಬುರುಡೆಯಿಂದ. ಧೂಳು ಹೋದ ಮೇಲೆ ಒಣ ಹತ್ತಿ ಬಟ್ಟೆಯಲ್ಲಿ ಬೆವರು ಮಾತ್ರ ತೆಗೆದರೆ ಸಾಕು. ಚರ್ಮದ ಕವಚವನ್ನು ಪ್ರಯಾಣಕ್ಕೆ ಬಳಸಿ, ಮಳೆಗಾಲದ ವಾಸಕ್ಕೆ ಬೇಡ. ಗಾಳಿಯಾಡದ ಡಬ್ಬಿಯಲ್ಲಿ ಸಿಲಿಕಾ ಜೆಲ್ ಜೊತೆ ಇಟ್ಟು, ತೇವ ಶೇಕಡ 40ರಿಂದ 50ರೊಳಗೆ ಇರುವಂತೆ ನೋಡಿಕೊಳ್ಳಿ. ಅಕ್ಕಿ ಡಬ್ಬಿಯಲ್ಲಿ ಹೂತಿಡಬೇಡಿ. ಅಕ್ಕಿ ಹೀರುವ ತೇವ ಅಷ್ಟಕ್ಕಷ್ಟೆ, ಬಿಡುವ ಹಿಟ್ಟು ಬಹಳ. ಕುತ್ತಿಗೆಪಟ್ಟಿಯ ಉಕ್ಕಿನ ಬಳೆ ಬಣ್ಣಕ್ಕೆ ಉಜ್ಜದಂತೆ ನಡುವೆ ಚರ್ಮದ ಚೂರೊಂದು ಹಾಕಿ. ಸ್ಪಿರಿಟ್, ಅಸಿಟೋನ್, ಥಿನ್ನರ್ ಹತ್ತಿರ ತರಬೇಡಿ. ಬಣ್ಣ ಹೋದ ಜಾಗಕ್ಕೆ ಬಣ್ಣ ಬಳಿಯಬೇಡಿ. ತಿಂಗಳಿಗೊಮ್ಮೆಯಾದರೂ ತೆಗೆದು ನಾಲ್ಕು ಸಲ ಷಟರ್ ಒತ್ತಿ; ಸುಮ್ಮನೆ ಕೂತರೆ ಒಳಗಿನ ಎಣ್ಣೆ ಅಂಟಾಗಿ ಚಕ್ರಗಳು ಮೈಗಳ್ಳರಾಗುತ್ತವೆ.

ಇನ್ನು ಉಳಿದ ಎರಡು ಗಾಯ.

ಆರನೆಯದು ಫಿಲ್ಮ್ ಎಳೆಯುವ ಸನ್ನೆಯ ಪಕ್ಕದ್ದು. ಈ ಕ್ಯಾಮೆರಾದ ಮೀಟರ್ ಎಚ್ಚರಾಗಬೇಕಾದರೆ ಆ ಸನ್ನೆಯನ್ನು ಹೆಬ್ಬೆರಳಿನಿಂದ ಸ್ವಲ್ಪ ಹೊರಗೆ ತಳ್ಳಬೇಕು. ಪ್ರತಿ ಚಿತ್ರಕ್ಕೂ ಅಲ್ಲೇ ಹೆಬ್ಬೆರಳು ಕೂರುತ್ತದೆ. ಅಲ್ಲಿ ಬಣ್ಣ ಹೋದದ್ದು ಯಾವಾಗ ಅಂತಲೇ ಗೊತ್ತಿಲ್ಲ. ಅದರ ಅಂಚಿಗೆ ಗೀರಿಲ್ಲ, ಒರಟಿಲ್ಲ. ಕಪ್ಪಿನಿಂದ ಕಂದು, ಕಂದಿನಿಂದ ಹಳದಿ, ಬೆಳಗಿನ ಆಕಾಶದ ಹಾಗೆ. ಅದರ ಮೇಲೆ ಹೆಬ್ಬೆರಳಿಟ್ಟರೆ ನನ್ನದು ಮಾತ್ರ ಸರಿಯಾಗಿ ಕೂರುತ್ತದೆ. ಮಗಳು ಇಟ್ಟು ನೋಡಿದಳು, ಅವಳದು ಚಿಕ್ಕದಾಯಿತು.

ಏಳನೆಯದು ತಳದಲ್ಲಿದೆ. ಎರಡು ಇಂಚಿನ ಗೀರು, ಆಳವಾಗಿಯೇ ಬಿದ್ದಿದೆ. ಹುಣಸೆಹಣ್ಣಿನ ಪ್ರಕರಣದ ಮರುಸಂಜೆಯದು. ಅಮ್ಮನ ಮೇಲೆ ಸಿಟ್ಟು ಮಾಡಿಕೊಂಡು ಅಂಗಳಕ್ಕೆ ಬಂದವನು ನೋಡಿದೆ: ಬಾವಿಯ ಹತ್ತಿರ ಕುಕ್ಕರಗಾಲಲ್ಲಿ ಕೂತು ಅಮ್ಮ ಹಿತ್ತಾಳೆ ಕೊಡ ತಿಕ್ಕುತ್ತಿದ್ದರು. ಬೆಳಕು ಇಳಿಯುತ್ತಿತ್ತು, ಕೊಡದ ಹೊಳಪು ಅವರ ಮುಖಕ್ಕೆ ಬೀಳುತ್ತಿತ್ತು. ಸ್ಟ್ಯಾಂಡ್ ತರಲು ಒಳಗೆ ಹೋದರೆ ಅಷ್ಟರಲ್ಲಿ ಕತ್ತಲಾಗುತ್ತದೆ. ಆ ಬೆಳಕಿಗೆ ಬೇಕಾದ ಸೆಕೆಂಡಿನ ಎಂಟರಲ್ಲಿ ಒಂದು ಭಾಗದಷ್ಟು ಹೊತ್ತು ಕ್ಯಾಮೆರಾ ಕೈಯಲ್ಲಿ ಹಿಡಿದರೆ ಅಲುಗುತ್ತದೆ. ಉಂಗುರ ತೆಗೆಯಲಿಲ್ಲ. ಕ್ಯಾಮೆರಾವನ್ನು ಬಾವಿಕಟ್ಟೆಯ ಒರಟು ಕಲ್ಲಿನ ಮೇಲೆ ಇಟ್ಟು, ಸರಿ ಕಾಣುವವರೆಗೆ ಜರುಗಿಸಿದೆ. ಕರ್ ಅಂತ ಸದ್ದಾಯಿತು. ಒತ್ತಿದೆ.

ಆ ಚಿತ್ರ ಈಗ ಜಗಲಿಯ ಗೋಡೆಯಲ್ಲಿದೆ. ಐದು ಗಾಯಗಳನ್ನು ಮಾಡಿದ ಅಷ್ಟೂ ವರ್ಷಗಳ ಜೋಪಾನಕ್ಕೆ ತೋರಿಸಲು ನನ್ನಲ್ಲಿ ಒಂದೂ ಚಿತ್ರ ಇಲ್ಲ.

ಅದರಲ್ಲಿರುವ ಕೊಡವೂ ಮನೆಯಲ್ಲೇ ಇದೆ. ಅಜ್ಜಿಗೆ ತವರಿನವರು ಕೊಟ್ಟದ್ದು, ಕಂಠದ ಮೇಲೆ ಅವರ ಹೆಸರು ಕೊರೆಸಿದ್ದರಂತೆ. ಹಬ್ಬ ಹಬ್ಬಕ್ಕೂ ತಿಕ್ಕಿ ತಿಕ್ಕಿ ಅಕ್ಷರಗಳೆಲ್ಲ ಹೋಗಿ ಈಗ ಒಂದು ಕೊಂಬು, ಅರ್ಧ ಸೊನ್ನೆ ಉಳಿದಿವೆ. ಹೆಸರು ಅಳಿಸಿದ್ದು ನೀರು ಸೇದಿದ್ದರಿಂದಲ್ಲ, ಹೊಳೆಯಲಿ ಅಂತ ತಿಕ್ಕಿದ್ದರಿಂದ. ಹೋದ ದೀಪಾವಳಿಗೆ ಮಗಳು ಅದನ್ನು ತಿಕ್ಕಲು ಹುಣಸೆಹಣ್ಣು ನೆನೆಸಿಟ್ಟಿದ್ದಳು. ಬೇಡ ಅಂದೆ. ಅವಳು ಆ ಹುಣಸೆಯನ್ನು ಸಾರಿಗೆ ಹಾಕಿದಳು.